ಡಯಾಲಿಸಿಸ್ ನಡೆಯುತ್ತಿದೆ, ಎಲುಬಿನ ಗತಿ ಏನು?

ಅಂದು ಫಜ್ರ್ ನಮಾಝ್‌ನಲ್ಲಿ ನಮ್ಮ ಖಾಲಾ ಸುಜೂದ್‌ಗೆ ಹೋದವರು ಬಹಳ ಹೊತ್ತು ಏಳಲೇ ಇಲ್ಲ. ಪಕ್ಕದಲ್ಲಿದ್ದ ಮಗಳು, ಅಮ್ಮ ಇಂದು ದೀರ್ಘವಾಗಿ ಪ್ರಾರ್ಥಿಸುತ್ತಿದ್ದಾರೆ ಎಂದುಕೊಂಡಳು. ಸಲಾಮ್ ಹೇಳಿ ತಿರುಗಿ ನೋಡಿದರೆ ಖಾಲಾ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಸೊಂಟ ಎತ್ತಲು ಹೆಣಗುತ್ತಿದ್ದರು. ಕಣ್ಣಲ್ಲಿ ನೀರು. ಮರುದಿನದಿಂದ ಅವರ ನಮಾಝ್ ಕುರ್ಚಿಯ ಮೇಲಾಯಿತು.

ಖಾಲಾಗೆ ಆಗ 52 ವರ್ಷ. ರಾಯಬಾಗ ತಾಲೂಕಿನ ಹಳ್ಳಿಯ ಮನೆ. ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದುಹಾಕಿ ನಾಲ್ಕು ವರ್ಷವಾಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್ ತಪ್ಪದೆ ನಡೆಯುತ್ತಿತ್ತು. ಆದ್ದರಿಂದ 'ಕಿಡ್ನಿಯ ಕೆಲಸ ಯಂತ್ರ ಮಾಡುತ್ತಿದೆ, ಇದು ಬೇರೆ ನೋವು' ಎಂಬುದೇ ಎಲ್ಲರ ತೀರ್ಮಾನ. ವಾಯು ಎಂದರು ಒಬ್ಬರು. ನಿಪ್ಪಾಣಿಯ ಸಂಬಂಧಿಕರು ತಿಕ್ಕಲು ಎಣ್ಣೆ ಕಳಿಸಿದರು. ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆ ಬಂತು, ಜೊತೆಗೆ ನೋವಿನ ಗುಳಿಗೆಯೂ ಬಂತು. ಎಲುಬಿಗೆ ಎಲುಬೇ ಮದ್ದು ಎಂದು ಶುಕ್ರವಾರಕ್ಕೊಮ್ಮೆ ಪಾಯಾ ಸೂಪ್ ಮಾಡಿ ಕುಡಿಸಿದ್ದು ನಾನೇ. ಪ್ರೀತಿಯಿಂದ ಮಾಡಿದ್ದು, ಆದರೆ ಅದು ತಪ್ಪಾಗಿತ್ತು.

ಐದಾರು ತಿಂಗಳ ಬಳಿಕ ನೆಗಡಿ ಬಂದು ಜೋರಾಗಿ ಕೆಮ್ಮಿದಾಗ ಪಕ್ಕೆಲುಬು ಮುರಿಯಿತು. ಬೀಳಲಿಲ್ಲ, ಏನೂ ತಾಗಲಿಲ್ಲ, ಬರೀ ಕೆಮ್ಮು! ಆಗ ಓಡಿಹೋದಲ್ಲಿ ವೈದ್ಯರು ಫೈಲ್ ತಿರುವಿ ಕೇಳಿದ ಪ್ರಶ್ನೆ ಒಂದೇ: "ಇವರ ಪಿಟಿಎಚ್ ಕೊನೆಗೆ ನೋಡಿಸಿದ್ದು ಯಾವಾಗ?"

ಮನೆಯವರೆಲ್ಲ ಮುಖ ಮುಖ ನೋಡಿಕೊಂಡೆವು. ಆ ಹೆಸರನ್ನೇ ನಾವು ಕೇಳಿರಲಿಲ್ಲ. ಹುಡುಕಿದಾಗ ಎರಡು ವರ್ಷ ಹಿಂದಿನ ಒಂದೇ ಒಂದು ಚೀಟಿ ಸಿಕ್ಕಿತು.

ಕಿಡ್ನಿಗೂ ಎಲುಬಿಗೂ ಎಲ್ಲಿಯ ನಂಟು?

ಕಿಡ್ನಿ ಎಂದರೆ ಮೂತ್ರ ಸೋಸುವ ಜರಡಿ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಅದು ಎಲುಬಿನ ಕಾವಲುಗಾರನೂ ಹೌದು. ಬಿಸಿಲಿನಿಂದಲೋ ಆಹಾರದಿಂದಲೋ ಬಂದ ಡಿ ವಿಟಮಿನ್ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಮೊದಲು ಯಕೃತ್ತಿನಲ್ಲಿ, ಬಳಿಕ ಕಿಡ್ನಿಯಲ್ಲಿ ಅದು ರೂಪ ಬದಲಿಸಿಕೊಳ್ಳಬೇಕು. ಈ ಕೊನೆಯ ಕೆಲಸ ನಡೆಯುವುದು ಕಿಡ್ನಿಯಲ್ಲಿ ಎಂದು 1970ರಲ್ಲಿ ಕೇಂಬ್ರಿಜ್‌ನ ಫ್ರೇಝರ್ ಮತ್ತು ಕೊಡಿಚೆಕ್ ತೋರಿಸಿಕೊಟ್ಟರು. ಕಿಡ್ನಿ ಕೆಟ್ಟವರಿಗೆ ವಾರಕ್ಕೊಂದರಂತೆ ಅರವತ್ತು ಸಾವಿರ ಯೂನಿಟ್‌ನ ಡಿ ವಿಟಮಿನ್ ನುಂಗಿಸಿದರೂ ಅದು ಹೆಚ್ಚಿನಂಶ ಉಗ್ರಾಣದಲ್ಲೇ ಉಳಿಯುತ್ತದೆ, ಕೆಲಸದ ರೂಪಕ್ಕೆ ತಿರುಗುವುದು ಕಡಿಮೆ.

ಇದು ಒಂದು ಕಡೆ. ಇನ್ನೊಂದು ಕಡೆ ರಂಜಕ, ಅಂದರೆ ಫಾಸ್ಫರಸ್. ನಾವು ತಿನ್ನುವ ಹಾಲು, ಮಾಂಸ, ಬೇಳೆ, ಶೇಂಗಾ ಎಲ್ಲದರಲ್ಲೂ ಅದಿದೆ. ಹೆಚ್ಚಾದದ್ದನ್ನು ಆರೋಗ್ಯವಂತ ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ಸೋತ ಕಿಡ್ನಿಯಿಂದ ಅದು ಸಾಧ್ಯವಿಲ್ಲ. ರಕ್ತದಲ್ಲಿ ರಂಜಕ ಏರುತ್ತದೆ, ಸಕ್ರಿಯ ಡಿ ವಿಟಮಿನ್ ಇಳಿಯುತ್ತದೆ, ಕ್ಯಾಲ್ಸಿಯಂ ಕೊರತೆಯಾಗುತ್ತದೆ. ಆಗ ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಗ್ರಂಥಿಗಳು ಎಚ್ಚರಗೊಳ್ಳುತ್ತವೆ.

ಒಂದೊಂದೂ ಗೋಧಿ ಕಾಳಿನಷ್ಟಿರುವ ಈ ಪ್ಯಾರಾಥೈರಾಯ್ಡ್ ಗ್ರಂಥಿಗಳು ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು ಮನುಷ್ಯನಲ್ಲಲ್ಲ. ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸತ್ತ ನಮ್ಮ ಭಾರತದ ಘೇಂಡಾಮೃಗವೊಂದನ್ನು ಸೀಳಿ ನೋಡಿದ ರಿಚರ್ಡ್ ಓವನ್ ಎಂಬವರು ಅದರ ಕುತ್ತಿಗೆಯಲ್ಲಿ ಇದನ್ನು ಗುರುತಿಸಿದರು. ಮನುಷ್ಯನಲ್ಲಿ ಗುರುತಿಸಿ 1880ರಲ್ಲಿ ಬರೆದವರು ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್. ಈ ಗ್ರಂಥಿಗಳು ಸುರಿಸುವ ಹಾರ್ಮೋನೇ ಪಿಟಿಎಚ್. ರಕ್ತಕ್ಕೆ ಕ್ಯಾಲ್ಸಿಯಂ ಸಾಲದಾದಾಗ ಎಲುಬನ್ನು ಕರಗಿಸಿಯಾದರೂ ತಂದು ಸುರಿ ಎಂಬುದು ಅದರ ಆಜ್ಞೆ. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇರುವುದು ಎಲುಬಿನಲ್ಲೇ ತಾನೇ? ಮನೆಯ ಖರ್ಚು ತೂಗಿಸಲು ಚಿನ್ನ ಮಾರುವಂತೆ ದೇಹ ತನ್ನ ಎಲುಬನ್ನು ಮಾರಲು ಹೊರಡುತ್ತದೆ. ಈ ಮಾರಾಟ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ನೋವು ಬರುವ ಹೊತ್ತಿಗೆ ಪೆಟ್ಟಿಗೆ ಬರಿದಾಗಿರುತ್ತದೆ.

ಖಾಲಾ ಸುಜೂದ್‌ನಿಂದ ಏಳಲಾಗದ್ದಕ್ಕೂ ಇದೇ ಕಾರಣವಿತ್ತು. ಈ ರೋಗದಲ್ಲಿ ತೊಡೆ ಮತ್ತು ಸೊಂಟದ ಸ್ನಾಯುಗಳೂ ಬಲ ಕಳೆದುಕೊಳ್ಳುತ್ತವೆ. ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು, ಭಾರತೀಯ ಶೈಲಿಯ ಶೌಚಾಲಯದಿಂದ ಎದ್ದು ನಿಲ್ಲುವುದು ಮೊದಲು ಕಷ್ಟವಾಗುತ್ತದೆ. ತಡೆಯಲಾರದ ಮೈ ತುರಿಕೆಯೂ ಇರಬಹುದು. ದಿನಕ್ಕೈದು ಬಾರಿ ಬಾಗಿ ಏಳುವ ನಮ್ಮ ಮನೆಗಳಲ್ಲಿ ಇದು ಬೇಗ ಗೊತ್ತಾಗಬೇಕಿತ್ತು. ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದೆವು.

ಎಕ್ಸ್-ರೇ ಹೇಳದ್ದನ್ನು ರಕ್ತ ಹೇಳುತ್ತದೆ

ಎಲುಬಿನ ಕಾಯಿಲೆಗೆ ಎಲುಬಿನ ಫೋಟೋ ತೆಗೆಸಿದರೆ ಸಾಲದೇ ಎಂದು ನೀವು ಕೇಳಬಹುದು. ಎಕ್ಸ್-ರೇಯಲ್ಲಿ ಕಾಣಿಸಬೇಕಾದರೆ ಎಲುಬು ಬಹಳಷ್ಟು ಸವೆದಿರಬೇಕು. ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಎಷ್ಟು ಎಲುಬು ಉಳಿದಿದೆ ಎಂದು ಹೇಳೀತು, ಆದರೆ ಒಳಗೆ ಒಡೆಯುವ ಮತ್ತು ಕಟ್ಟುವ ಕೆಲಸ ಯಾವ ವೇಗದಲ್ಲಿ ನಡೆಯುತ್ತಿದೆ ಎಂದು ಹೇಳಲಾರದು. ಕಿಡ್ನಿ ರೋಗಿಗಳಲ್ಲಿ ಮುಖ್ಯವಾದದ್ದು ಆ ವೇಗವೇ. ಕೆಲವರಲ್ಲಿ ಎಲುಬು ಹುಚ್ಚು ವೇಗದಲ್ಲಿ ಕರಗಿ ಕಚ್ಚಾ ಎಲುಬಾಗಿ ಕಟ್ಟಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಮತ್ತು ವಯಸ್ಸಾದವರಲ್ಲಿ, ಕೆಲಸವೇ ನಿಂತುಹೋಗಿ ಎಲುಬು ಸತ್ತಂತೆ ಇರುತ್ತದೆ. ಎರಡರಲ್ಲೂ ಎಲುಬು ಮುರಿಯುತ್ತದೆ, ಆದರೆ ಚಿಕಿತ್ಸೆ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಒಬ್ಬರಿಗೆ ಕೊಟ್ಟ ಔಷಧಿಯ ಚೀಟಿ ಇನ್ನೊಬ್ಬರಿಗೆ ನಡೆಯುವುದಿಲ್ಲ ಎಂಬುದು ಇದಕ್ಕೇ.

ಇದನ್ನು ಖಚಿತವಾಗಿ ತಿಳಿಯುವ ಮಾರ್ಗ ಸೊಂಟದ ಎಲುಬಿನ ಚೂರು ತೆಗೆದು ನೋಡುವುದು. ಮೊದಲು ಟೆಟ್ರಾಸೈಕ್ಲಿನ್ ಗುಳಿಗೆಯನ್ನು ಕೆಲವು ದಿನ ಕೊಟ್ಟು, ಒಂದೆರಡು ವಾರ ಬಿಟ್ಟು ಮತ್ತೆ ಕೊಡುತ್ತಾರೆ. ಆ ಔಷಧಿ ಹೊಸದಾಗಿ ಕಟ್ಟುವ ಎಲುಬಿಗೆ ಅಂಟಿಕೊಂಡು ವಿಶೇಷ ಬೆಳಕಿನಲ್ಲಿ ಹಳದಿ ಗೆರೆಯಾಗಿ ಹೊಳೆಯುತ್ತದೆ. ಎರಡು ಗೆರೆಗಳ ನಡುವಿನ ಅಂತರ ನೋಡಿ ಎಲುಬು ಎಷ್ಟು ಬೆಳೆಯಿತೆಂದು ಅಳೆಯುತ್ತಾರೆ. ಅದ್ಭುತ ಉಪಾಯ! ಆದರೆ ಇದನ್ನು ಮಾಡಿ ಓದಬಲ್ಲವರು ದೊಡ್ಡ ನಗರಗಳಲ್ಲೇ ವಿರಳ. ಅಥಣಿಯ ರೋಗಿಗೆ ಇದು ದೂರದ ಮಾತು. ಉಳಿದಿರುವುದು ರಕ್ತ ಪರೀಕ್ಷೆಯ ದಾರಿ.

ಪಿಟಿಎಚ್ ಅನ್ನು ರಕ್ತದಲ್ಲಿ ಅಳೆಯಲು ಸಾಧ್ಯವಾದದ್ದು 1963ರಲ್ಲಿ. ಬರ್ಸನ್ ಮತ್ತು ರೋಸಲಿನ್ ಯಾಲೋ ಎಂಬ ಮಹಿಳೆ ಸೇರಿ ಅದನ್ನು ಸಾಧಿಸಿದರು, ಇಂತಹ ಅಳತೆಯ ವಿಧಾನಕ್ಕಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ದೊರೆಯಿತು. ಆರೋಗ್ಯವಂತರಲ್ಲಿ ಪಿಟಿಎಚ್ ಸುಮಾರು 15ರಿಂದ 65ರವರೆಗೆ ಇರುತ್ತದೆ. ಡಯಾಲಿಸಿಸ್‌ನಲ್ಲಿರುವವರ ಎಲುಬು ಈ ಹಾರ್ಮೋನಿಗೆ ಸ್ವಲ್ಪ ಕಿವುಡಾಗಿರುವುದರಿಂದ ಅವರಿಗೆ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಸಾಮಾನ್ಯ ಮಿತಿಯ ಎರಡರಿಂದ ಒಂಬತ್ತು ಪಟ್ಟಿನವರೆಗೆ, ಅಂದರೆ ಸುಮಾರು 130ರಿಂದ 600ರೊಳಗೆ ಇರಲಿ ಎಂದು ಅಂತಾರಾಷ್ಟ್ರೀಯ ಕಿಡ್ನಿ ತಜ್ಞರ ಸಂಘಟನೆ ಕೆಡಿಗೋ 2009ರಲ್ಲಿ ಹೇಳಿತು, 2017ರ ಪರಿಷ್ಕರಣೆಯಲ್ಲೂ ಅದನ್ನೇ ಉಳಿಸಿಕೊಂಡಿತು. ಲ್ಯಾಬ್ ಚೀಟಿಯಲ್ಲಿ 250 ಎಂಬ ಅಂಕಿ ಕಪ್ಪಗೆ ದಪ್ಪಗೆ ಮುದ್ರಿತವಾಗಿದ್ದರೆ ಹೆದರಬೇಕಾಗಿಲ್ಲ, 40 ಬಂದರೆ ಖುಷಿಪಡುವ ಹಾಗೂ ಇಲ್ಲ.

ಪಿಟಿಎಚ್ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಲಾಗದು. ಅದರ ಜೊತೆ ನಿಲ್ಲಬೇಕಾದ ಎರಡನೇ ಸಾಕ್ಷಿ ಅಲ್ಕಲೈನ್ ಫಾಸ್ಫಟೇಸ್. ಎಲುಬು ಕಟ್ಟುವ ಕಣಗಳಿಂದ ಹೊರಬೀಳುವ ಈ ಕಿಣ್ವದ ಪರೀಕ್ಷೆ ಅಗ್ಗ, ಸಣ್ಣ ಊರಿನ ಲ್ಯಾಬ್‌ಗಳಲ್ಲೂ ಆಗುತ್ತದೆ. ತಮಾಷೆಯೆಂದರೆ ಅನೇಕರ ಫೈಲಿನಲ್ಲಿ ಇದು ಈಗಾಗಲೇ ಇರುತ್ತದೆ, ಲಿವರ್ ಪರೀಕ್ಷೆಯ ಸಾಲುಗಳ ನಡುವೆ ಕುಳಿತಿರುತ್ತದೆ. ಎಲುಬಿನ ದೃಷ್ಟಿಯಿಂದ ಅದನ್ನು ಯಾರೂ ಓದಿರುವುದಿಲ್ಲ. ಖಾಲಾ ಫೈಲಿನಲ್ಲೂ ಮೂರು ಚೀಟಿಗಳಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು! ಲಿವರ್‌ನಿಂದಲೂ ಇದು ಏರಬಹುದಾದ್ದರಿಂದ ಸಂಶಯವಿದ್ದರೆ ಎಲುಬಿನ ಅಂಶವನ್ನಷ್ಟೇ ಬೇರ್ಪಡಿಸಿ ಅಳೆಯುವ ಪರೀಕ್ಷೆಯೂ ಇದೆ. ಬ್ರೆಝಿಲ್, ಪೋರ್ಚುಗಲ್, ಟರ್ಕಿ ಮತ್ತು ವೆನೆಜುವೆಲಾದ 492 ಡಯಾಲಿಸಿಸ್ ರೋಗಿಗಳ ಎಲುಬಿನ ಚೂರುಗಳನ್ನು ಅವರ ರಕ್ತದೊಂದಿಗೆ ಹೋಲಿಸಿದ 2016ರ ಅಧ್ಯಯನದಲ್ಲಿ ಪಿಟಿಎಚ್ ಮತ್ತು ಈ ಎಲುಬಿನ ಫಾಸ್ಫಟೇಸ್ ಎಲುಬು ನಿದ್ರಿಸುತ್ತಿದೆಯೋ ಓಡುತ್ತಿದೆಯೋ ಎಂದು ತಿಳಿಯಲು ನೆರವಾದವು. ನೆರವಾದವು ಅಷ್ಟೇ, ಎಲ್ಲರಲ್ಲೂ ಕರಾರುವಾಕ್ಕಾಗಿ ಹೇಳಲಿಲ್ಲ. ಅದಕ್ಕೇ ವೈದ್ಯರು ಒಂದು ದಿನದ ಅಂಕಿಗಿಂತ ಅಂಕಿ ಯಾವ ಕಡೆ ನಡೆಯುತ್ತಿದೆ ಎಂದು ನೋಡುತ್ತಾರೆ.

ಡಯಾಲಿಸಿಸ್‌ನಲ್ಲಿರುವವರಿಗೆ ಕ್ಯಾಲ್ಸಿಯಂ ಮತ್ತು ರಂಜಕವನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ, ಪಿಟಿಎಚ್ ಅನ್ನು ಮೂರರಿಂದ ಆರು ತಿಂಗಳಿಗೊಮ್ಮೆ, ಅಲ್ಕಲೈನ್ ಫಾಸ್ಫಟೇಸನ್ನು ವರ್ಷಕ್ಕೊಮ್ಮೆಯಾದರೂ, ಪಿಟಿಎಚ್ ಏರಿದ್ದರೆ ಇನ್ನೂ ಬೇಗ ನೋಡಬೇಕೆಂಬುದು ಕೆಡಿಗೋ ಸಲಹೆ. ಡಯಾಲಿಸಿಸ್ ಆರಂಭವಾಗುವವರೆಗೆ ಕಾಯುವುದೂ ಬೇಡ. ಕಿಡ್ನಿಯ ಶಕ್ತಿ ಅರ್ಧಕ್ಕೆ ಇಳಿಯುವ ಹೊತ್ತಿಗೇ ಎಲುಬಿನ ಲೆಕ್ಕ ತಪ್ಪಲು ಶುರುವಾಗಿರುತ್ತದೆ. ಸಕ್ಕರೆ ಕಾಯಿಲೆಯ ಜೊತೆ ಕ್ರಿಯಾಟಿನಿನ್ ಏರಿದವರು ಈ ಮಾತನ್ನು ಗಮನಿಸಬೇಕು.

ಗಡಿಯ ಮೇಲೆ ಚದುರಿದ ಚೀಟಿಗಳು

ನಮ್ಮ ಭಾಗದ ತೊಡಕು ಬೇರೆಯೇ. ಕಾಗವಾಡದವರಿಗೆ ಮಿರಜ್ ಪಕ್ಕದ ಮನೆಯಿದ್ದಂತೆ. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಎಂದು ರೈಲು ಹಿಡಿದವರು ಒಂದು ತುದಿಗೆ ಮಿರಜ್‌ನಲ್ಲಿಯೂ ಇನ್ನೊಂದು ಕಡೆ ಬೆಳಗಾವಿಯಲ್ಲಿಯೂ ಇಳಿಯಬಹುದು. ಹೆದ್ದಾರಿಯ ಮೇಲಿರುವ ನಿಪ್ಪಾಣಿಯವರ ಮುಖ ಕೊಲ್ಹಾಪುರದ ಕಡೆಗೆ. ಡಾಕ್ಟರ್ ವಾನ್‌ಲೆಸ್ ಮಿರಜ್‌ನಲ್ಲಿ 1894ರಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಅಥಣಿ ಕಡೆಯ ಗಾಡಿಗಳು ಅತ್ತ ಹೊರಳಿವೆ. ಇದರಲ್ಲಿ ತಪ್ಪೇನಿಲ್ಲ, ಚಿಕಿತ್ಸೆ ಹತ್ತಿರ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಆದರೆ ಡಯಾಲಿಸಿಸ್ ತಾಲೂಕಿನಲ್ಲಿ, ತಜ್ಞರ ಭೇಟಿ ಮಿರಜ್‌ನಲ್ಲಿ, ಒಂದು ಪರೀಕ್ಷೆ ಬೆಳಗಾವಿಯಲ್ಲಿ, ಮದುವೆಗೆ ಹೋದಾಗ ಇನ್ನೊಂದು ಕೊಲ್ಹಾಪುರದಲ್ಲಿ ಎಂದಾದಾಗ ಅಂಕಿಗಳ ಸರಣಿ ತುಂಡಾಗುತ್ತದೆ. ಪಿಟಿಎಚ್ ಅಳೆಯುವ ಕಿಟ್‌ಗಳು ಕಂಪೆನಿಯಿಂದ ಕಂಪೆನಿಗೆ ಬೇರೆ. ಅದೇ ರಕ್ತ ಎರಡು ಲ್ಯಾಬ್‌ಗಳಲ್ಲಿ ಬಹಳ ವ್ಯತ್ಯಾಸದ ಅಂಕಿ ಕೊಡಬಹುದು. ಸಾಧ್ಯವಾದಷ್ಟು ಒಂದೇ ಲ್ಯಾಬ್, ಅದೂ ಡಯಾಲಿಸಿಸ್‌ಗೆ ಕೂರುವ ಮೊದಲು ತೆಗೆದ ರಕ್ತ, ಇದು ಮುಖ್ಯ.

ಇನ್ನೊಂದು ವಿಷಯ ಲ್ಯಾಬ್‌ನವರನ್ನೇ ಕೇಳಿ. ಸಣ್ಣ ಊರುಗಳಲ್ಲಿ ಪಿಟಿಎಚ್ ಪರೀಕ್ಷೆ ಹೆಚ್ಚಾಗಿ ಅಲ್ಲಿಯೇ ಆಗುವುದಿಲ್ಲ, ರಕ್ತ ತೆಗೆದು ದೂರಕ್ಕೆ ಕಳಿಸುತ್ತಾರೆ. ಈ ಹಾರ್ಮೋನ್ ಸುಕುಮಾರಿ. ಬೇಸಿಗೆಯ ಬಿಸಿಯಲ್ಲಿ ಗಂಟೆಗಟ್ಟಲೆ ಹಾಗೇ ಇಟ್ಟರೆ ಒಡೆದುಹೋಗಿ ಅಂಕಿ ಸುಳ್ಳಾಗಿ ಇಳಿಯುತ್ತದೆ. ಇಡಿಟಿಎ ಇರುವ ನಳಿಕೆಯಲ್ಲಿ ರಕ್ತ ತೆಗೆದು, ಬೇಗನೆ ಪ್ಲಾಸ್ಮಾ ಬೇರ್ಪಡಿಸಿ, ತಂಪಾಗಿಟ್ಟು ಕಳಿಸಿದರೆ ಹೆಚ್ಚು ಹೊತ್ತು ಬಾಳುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಗುಳಿಗೆ ನುಂಗುವವರು ಅದನ್ನೂ ಹೇಳಬೇಕು. ಅದು ಹಲವು ಯಂತ್ರಗಳನ್ನು ಮೋಸಗೊಳಿಸಿ ಪಿಟಿಎಚ್ ಕಡಿಮೆಯೆಂದು ತೋರಿಸುತ್ತದೆ.

ಖರ್ಚಿನ ಮಾತು ಬಂತು. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಗುತ್ತಿರುವುದು ಬಡವರ ಪಾಲಿಗೆ ದೊಡ್ಡ ಅನುಗ್ರಹ. ಆದರೆ ಪಿಟಿಎಚ್‌ನಂತಹ ಪರೀಕ್ಷೆಗೆ ಹಲವರು ಹೊರಗೆ ದುಡ್ಡು ಕೊಡಬೇಕಾಗುತ್ತದೆ. ಬೀಡಿ ಕಟ್ಟುವ, ಕಬ್ಬು ಕಡಿಯುವ ಮನೆಗೆ ಅದು ಎರಡು ಮೂರು ದಿನದ ಕೂಲಿ. ಇದಕ್ಕೇ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಝಕಾತ್ ವಿತರಿಸುವ ನಮ್ಮ ಜಮಾಅತ್‌ಗಳು ಔಷಧಿಗೆ, ಆಂಬ್ಯುಲೆನ್ಸ್‌ಗೆ ಕೊಡುತ್ತವೆ. ಆರು ತಿಂಗಳಿಗೊಮ್ಮೆ ಒಬ್ಬ ಬಡ ರೋಗಿಯ ಈ ಪರೀಕ್ಷೆಯ ಬಿಲ್ಲನ್ನು ತೀರಿಸುವುದನ್ನೂ ಆ ಪಟ್ಟಿಗೆ ಸೇರಿಸಬಹುದಲ್ಲವೇ?

ಪಾಯಾ, ಶೇಂಗಾ ಹಿಂಡಿ ಮತ್ತು ಒಂದು ಸಣ್ಣ ಲೆಕ್ಕ

ಡಯಾಲಿಸಿಸ್ ಇರುವಾಗ ರಂಜಕವನ್ನು ಯಂತ್ರವೇ ತೆಗೆಯಲಾರದೇ? ಲೆಕ್ಕ ಹಾಕಿ ನೋಡಿ. ದಿನದ ಊಟದಲ್ಲಿ ಸುಮಾರು 900 ಮಿಲಿಗ್ರಾಂ ರಂಜಕ ಹೊಟ್ಟೆ ಸೇರಿದರೆ ಅದರಲ್ಲಿ ಸುಮಾರು 550 ಮಿಲಿಗ್ರಾಂ ರಕ್ತಕ್ಕೆ ಇಳಿಯುತ್ತದೆ. ವಾರಕ್ಕೆ 3,800ರಷ್ಟು. ನಾಲ್ಕು ತಾಸಿನ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800. ವಾರಕ್ಕೆ ಮೂರು ಸಲವಾದರೆ 2,400, ಎರಡೇ ಸಲವಾದರೆ 1,600. ಉಳಿದದ್ದೆಲ್ಲ ದೇಹದಲ್ಲೇ. ಇಂದು ಬಸ್ಸಿಲ್ಲ, ಇಂದು ಸಂತೆ ಎಂದು ಒಂದು ಸರದಿ ತಪ್ಪಿಸಿದರೆ ಎಲುಬಿನ ಮೇಲೆ ಎಷ್ಟು ಸಾಲ ಬೀಳುತ್ತದೆಂದು ಇದರಿಂದ ತಿಳಿಯಬಹುದು.

ನನ್ನ ಪಾಯಾ ಸೂಪ್ ಈ ಸಾಲವನ್ನೇ ಹೆಚ್ಚಿಸುತ್ತಿತ್ತು. ಎಲುಬು ಕುದಿಸಿದ ರಸದಲ್ಲಿ ರಂಜಕ ಇಳಿದಿರುತ್ತದೆ. ಕಲೇಜಿ, ಎಮ್ಮೆಯ ಗಟ್ಟಿ ಹಾಲು, ಖೋವಾ ಇವೂ ಹಾಗೆಯೇ. 100 ಗ್ರಾಂ ಶೇಂಗಾದಲ್ಲಿ 350 ಮಿಲಿಗ್ರಾಂಗೂ ಹೆಚ್ಚು ರಂಜಕವಿದೆ. ಆದರೂ ಶೇಂಗಾ, ಬೇಳೆಗಳ ರಂಜಕವನ್ನು ನಮ್ಮ ಕರುಳು ಪೂರ್ತಿ ಹೀರಿಕೊಳ್ಳಲಾರದು. ಮಾಂಸದ್ದನ್ನು ಹೆಚ್ಚು ಹೀರುತ್ತದೆ. ಕಪ್ಪು ಬಣ್ಣದ ಕೋಲಾ ಪಾನೀಯ ಮತ್ತು ಪ್ಯಾಕೆಟ್ ತಿಂಡಿಗಳಿಗೆ ಬೆರೆಸಿದ ಫಾಸ್ಫೇಟನ್ನಂತೂ ಬಹುಪಾಲು ನುಂಗಿಬಿಡುತ್ತದೆ. ಜೋಳದ ರೊಟ್ಟಿಯ ಜೊತೆ ಚಿಟಿಕೆ ಹಿಂಡಿ ತಿಂದ ಅಜ್ಜಿಯನ್ನು ಗದರುವ ಮೊದಲು ಮದುವೆ ಮನೆಯ ಬಾಟಲಿಯನ್ನು ದೂರವಿಡಬೇಕು. ಮಾಂಸವನ್ನು ಸಣ್ಣಗೆ ಹೆಚ್ಚಿ ಕುದಿಸಿ ಆ ನೀರು ಚೆಲ್ಲಿ ಮಸಾಲೆಗೆ ಹಾಕಿದರೆ ರಂಜಕ ಕಡಿಮೆಯಾಗುತ್ತದೆ. ರುಚಿಯೂ ಸ್ವಲ್ಪ ಕಡಿಮೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಮಾಂಸ, ಬೇಳೆ ಪೂರ್ತಿ ಬಿಡಿಸುವುದೂ ಅಪಾಯ. ಡಯಾಲಿಸಿಸ್ ರೋಗಿಗೆ ಪ್ರೊಟೀನ್ ಬೇಕೇ ಬೇಕು.

ಔಷಧಿ ಅಂಗಡಿಯ ಕ್ಯಾಲ್ಸಿಯಂ ಗುಳಿಗೆಯ ಬಗ್ಗೆ ಎರಡು ಮಾತು. ಇದೇ ಗುಳಿಗೆಯನ್ನು ಕೆಲವೊಮ್ಮೆ ಕಿಡ್ನಿ ವೈದ್ಯರೂ ಬರೆಯುತ್ತಾರೆ. ಅದು ಊಟದ ತುತ್ತಿನೊಂದಿಗೆ ನುಂಗಲಿಕ್ಕೆ, ಊಟದ ರಂಜಕವನ್ನು ಕರುಳಿನಲ್ಲೇ ಹಿಡಿದು ಹೊರಹಾಕಲಿಕ್ಕೆ. ಬರೆದಿದ್ದರೆ ನಿಲ್ಲಿಸಬೇಡಿ. ಆದರೆ ನಾವೇ ತಂದು ಬರಿ ಹೊಟ್ಟೆಗೆ ನುಂಗಿಸಿದರೆ ಆ ಕ್ಯಾಲ್ಸಿಯಂ ರಕ್ತಕ್ಕಿಳಿದು, ಎಲುಬು ಸೇರದೆ ಹೃದಯದ ಮತ್ತು ಕಾಲಿನ ರಕ್ತನಾಳಗಳ ಗೋಡೆಗೆ ಸುಣ್ಣದಂತೆ ಮೆತ್ತಿಕೊಳ್ಳಬಹುದು. ಎಲುಬಿನ ರೋಗಿ ಹೃದಯಾಘಾತದಿಂದ ಸಾಯುವುದುಂಟು. ಅಸಿಡಿಟಿಗೆ ಕುಡಿಯುವ ಬಿಳಿ ದ್ರವಗಳಲ್ಲಿ ಅಲ್ಯುಮಿನಿಯಂ ಇದೆಯೇ ಎಂದೂ ನೋಡಿ. 1970ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯುಮಿನಿಯಂನಿಂದ ಅನೇಕ ರೋಗಿಗಳ ಎಲುಬು ಮೆತ್ತಗಾಗಿ ಮುರಿದಿತ್ತು. ಡಯಾಲಿಸಿಸ್ ನೀರನ್ನು ಇಂದು ಅಷ್ಟು ಶುದ್ಧೀಕರಿಸುವುದು ಇದಕ್ಕೂ ಸೇರಿದ ಕಾರಣದಿಂದ. ನೋವಿನ ಗುಳಿಗೆಗಳು ಅಳಿದುಳಿದ ಕಿಡ್ನಿಯನ್ನೂ ಮುಗಿಸುತ್ತವೆ. ದಿನಕ್ಕೆ ಒಂದು ಲೋಟ ಮೂತ್ರ ಬರುತ್ತಿದ್ದರೂ ಅದು ಬೆಲೆಬಾಳುವಂಥದ್ದು.

ರಮಝಾನ್ ಬಂದಾಗ ಖಾಲಾ ಉಪವಾಸಕ್ಕೆ ಹಟ ಹಿಡಿದರು. ಕಾಯಿಲೆಯವರಿಗೆ ಅಲ್ಲಾಹನೇ ವಿನಾಯಿತಿ ನೀಡಿದ್ದಾನೆ, ವಾಸಿಯಾಗದ ಕಾಯಿಲೆಯಾದರೆ ಬಡವರಿಗೆ ಊಟ ಕೊಡುವ ಫಿದ್ಯಾ ಇದೆ ಎಂದು ಮೌಲಾನಾ ಬಂದು ವಿವರಿಸಬೇಕಾಯಿತು. ಇಫ್ತಾರ್‌ಗೆ ನಾಲ್ಕೈದು ಖರ್ಜೂರ ಕೈಗೆತ್ತಿಕೊಂಡರೆ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ. ಒಂದಕ್ಕೆ ನಿಲ್ಲಿಸಿದ್ದೇವೆ, ಅದೂ ವೈದ್ಯರನ್ನು ಕೇಳಿ.

ಪಕ್ಕೆಲುಬು ಮುರಿದ ವಾರ ಖಾಲಾ ಪಿಟಿಎಚ್ 1,480 ಇತ್ತು. ರಂಜಕ 7.9, ಅಲ್ಕಲೈನ್ ಫಾಸ್ಫಟೇಸ್ 612. ಪಾಯಾ ಮತ್ತು ಕ್ಯಾಲ್ಸಿಯಂ ಗುಳಿಗೆ ನಿಂತವು. ಊಟದೊಂದಿಗೆ ಸೆವೆಲಾಮರ್, ರಾತ್ರಿ ಸಿನಾಕಾಲ್ಸೆಟ್ ಶುರುವಾದವು. ಡಯಾಲಿಸಿಸ್ ವಾರಕ್ಕೆ ಮೂರಾಯಿತು. ಸಕ್ರಿಯ ಡಿ ವಿಟಮಿನ್ ಕ್ಯಾಲ್ಸಿಟ್ರಿಯಾಲನ್ನು ವೈದ್ಯರು ಕೂಡಲೇ ಕೊಡಲಿಲ್ಲ. ರಂಜಕ ಇಳಿಯಲಿ, ಇಲ್ಲವಾದರೆ ಅದು ರಂಜಕವನ್ನೇ ಇನ್ನಷ್ಟು ಹೀರುತ್ತದೆ ಎಂದರು. ಇದಕ್ಕೂ ಬಗ್ಗದಿದ್ದರೆ ಕುತ್ತಿಗೆಯ ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾದೀತು ಎಂದೂ ಹೇಳಿಟ್ಟಿದ್ದಾರೆ.

ಖಾಲಾ ಮಗಳು ಶಾಲೆಯ ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆದಿದ್ದಾಳೆ. ತಾರೀಖು, ಕ್ಯಾಲ್ಸಿಯಂ, ರಂಜಕ, ಫಾಸ್ಫಟೇಸ್, ಪಿಟಿಎಚ್. ಪಕ್ಕದಲ್ಲಿ ಲ್ಯಾಬ್‌ನ ಹೆಸರು. ಮಿರಜ್‌ಗೆ ಹೋದರೂ ಬೆಳಗಾವಿಗೆ ಹೋದರೂ ಆ ನೋಟ್‌ಬುಕ್ ಬುರ್ಖಾದ ಕೆಳಗಿನ ಚೀಲದಲ್ಲಿರುತ್ತದೆ. ಪಿಟಿಎಚ್‌ನ ಸಾಲಿನಲ್ಲಿ 1,480ರ ಕೆಳಗೆ 1,130, ಅದರ ಕೆಳಗೆ 790 ಎಂದಿದೆ. ಖಾಲಾ ಇನ್ನೂ ಕುರ್ಚಿಯ ಮೇಲೆಯೇ ನಮಾಝ್ ಮಾಡುತ್ತಾರೆ, ಆದರೆ ಕುರ್ಚಿಯಿಂದ ಏಳುವಾಗ ಈಗ ಯಾರ ಕೈಯನ್ನೂ ಹಿಡಿಯುವುದಿಲ್ಲ. ಮುಂದಿನ ಪರೀಕ್ಷೆ ಶಾಬಾನ್ ತಿಂಗಳಲ್ಲಿ.